ಕೆಳಮಹಡಿಯ ಗಾಯಕಿ

ನೀರು ಕುಡಿಯುವಾಗಲೂ ಅವರ ಬೆನ್ನು ಬಾಗುತ್ತಿರಲಿಲ್ಲ. ಗದ್ದ ಎತ್ತಿ, ಕಣ್ಣು ಮುಚ್ಚಿ ಒಂದೊಂದೇ ಗುಟುಕು ನುಂಗುವಾಗ ಉದ್ದನೆಯ ಕತ್ತಿನ ನರಗಳು ಎದ್ದು ಕಾಣುತ್ತಿದ್ದವು. ಕುವೈತಿನ ಫಿಂಟಾಸ್‌ನಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿದ್ದ ನನ್ನ ಹಾಡಿನ ಮಿಸ್ ಆಸ್ಟ್ರೇಲಿಯಾದವರು. ಹರೆಯದಲ್ಲಿ ಅಲ್ಲಿ ಮನೆಮಾತಾಗಿದ್ದ ಗಾಯಕಿ. ಹೊಸ ದನಿಗಳು ಬಂದು ಕಾರ್ಯಕ್ರಮಗಳು ಕಡಿಮೆಯಾದ ಮೇಲೆ ಇಲ್ಲಿನ ಶಾಲೆಯೊಂದರಲ್ಲಿ ಸಂಗೀತ ಕಲಿಸಲು ಬಂದವರು ಇಲ್ಲೇ ಉಳಿದರು. ಆ ದಿನಗಳ ಬಗ್ಗೆ ಕೇಳಿದರೆ, "ಆಗ ಕೂದಲು ಜಾಸ್ತಿ ಇತ್ತು" ಎನ್ನುವುದಷ್ಟೇ.

ನನ್ನದು ಮೆಲುಮಾತು. "ವಾಕ್ಯದ ಕೊನೆಯನ್ನು ಯಾಕೆ ನುಂಗುತ್ತೀ, ಊಟ ಮಾಡಿ ಬಂದಿಲ್ಲವಾ?" ಎಂದು ಛೇಡಿಸುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರ ದನಿ ಒಡೆಯಿತು. ಕುವೈತಿನಲ್ಲಿ ಗಂಟಲು ಕಟ್ಟಿದರೆ ಯಾರೂ ಡಾಕ್ಟರನ್ನು ನೆನೆಯುವುದಿಲ್ಲ. ಧಾರವಾಡದ ನನ್ನಮ್ಮ ಮೆಣಸಿನ ಕಷಾಯ ಕಾಸಿ ನನ್ನ ಕೈಯಲ್ಲಿ ಕೆಳಗೆ ಕಳಿಸಿದಳು.

"ಧೂಳು ಹೊಕ್ಕೈತಿ, ಮ್ಯಾಲೆ ಏಸಿ ಬ್ಯಾರೆ. ಬಿಸಿ ಇದ್ದಾಗನ ಕುಡೀರಿ ಅಂತ ಹೇಳವಾ."

ಮಿಸ್ ಒಂದು ಗುಟುಕಿಗೇ ಕೆಮ್ಮಿ, "ನಿಮ್ಮಮ್ಮನಿಗೆ ನನ್ನ ಮೇಲೇನು ಸಿಟ್ಟು?" ಎಂದರು. ಆದರೂ ಲೋಟ ಖಾಲಿ ಮಾಡಿದರು. ಧೂಳಿನ ತಿಂಗಳುಗಳು ಮುಗಿದವು, ದನಿ ಸರಿಹೋಗಲಿಲ್ಲ.

ಆಸ್ಪತ್ರೆಗೆ ನಾನೇ ಕರೆದೊಯ್ದೆ. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆದರೆ ಜೀವ ಉಳಿದೀತು, ತಡಮಾಡಬಾರದು ಎಂದರು ಡಾಕ್ಟರ್. ಆದರೆ ಮಿಸ್ ಅವರ ಊರಿನಲ್ಲಿ ಹಳೆಯ ಅಭಿಮಾನಿಗಳು ಅವರ ಹಾಡಿಗೆಂದೇ ಒಂದು ಸಂಜೆ ಗೊತ್ತುಮಾಡಿದ್ದರು. ಅದಕ್ಕಿನ್ನೂ ಎರಡು ತಿಂಗಳಿತ್ತು.

"ಹಾಡಿ ಬಂದು ತೆಗೆಸುತ್ತೇನೆ," ಎಂದರು ಕಾರಿನಲ್ಲಿ.

"ಜೀವಕ್ಕಿಂತ ಹಾಡು ಹೆಚ್ಚಾ, ಮಿಸ್?" ನನಗರಿವಿಲ್ಲದೆ ಕೂಗಿದ್ದೆ.

"ನೋಡು, ಈಗ ವಾಕ್ಯ ಪೂರ್ತಿಯಾಯಿತು," ಎಂದು ನಕ್ಕರು. ಆಮೇಲೆ ಕಿಟಕಿಯತ್ತ ತಿರುಗಿದರು. "ದನಿ ಇಲ್ಲದ ಆ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ಅವಳಿಗಾಗಿ ಇದನ್ನು ಬಿಡಲಾ?"

ಹೋಗಿ ಬಂದರು. ಹೇಗಾಯಿತೆಂದು ಕೇಳಿದ್ದಕ್ಕೆ "ಚೆನ್ನಾಗಿ ಆಯಿತು" ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆಯ ಮಾತನ್ನು ಡಾಕ್ಟರ್ ಮತ್ತೆ ಎತ್ತಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಮಿಸ್ ತೀರಿಕೊಂಡರು.

ದೇಹ ಒಯ್ಯಲು ಬಂದ ಅವರ ತಂಗಿ ಆ ಸಂಜೆಯ ವಿಡಿಯೋವನ್ನು ನನ್ನ ಫೋನಿಗೆ ಕಳಿಸಿದರು. ಮೊದಲ ಸಾಲು ಮುಗಿಯುವ ಮುನ್ನವೇ ದನಿ ಕೈಕೊಡುತ್ತದೆ. ಮಿಸ್ ಬಾಯಿ ತೆರೆದು ನಿಲ್ಲುತ್ತಾರೆ, ಏನೂ ಹೊರಡುವುದಿಲ್ಲ. ಸಭೆಯಲ್ಲಿ ಯಾರೋ ಒಬ್ಬರು, ಆಮೇಲೆ ಎಲ್ಲರೂ ಹಾಡನ್ನು ಎತ್ತಿಕೊಳ್ಳುತ್ತಾರೆ. ಕೊನೆಯವರೆಗೂ ಜನರೇ ಹಾಡುತ್ತಾರೆ. ಮಿಸ್ ಮೈಕನ್ನು ಅವರತ್ತ ಚಾಚಿ ನಿಂತಿದ್ದಾರೆ. ಆಗ ಅವರ ಮುಖದಲ್ಲಿ ಏನಿತ್ತೆಂದು ಎಷ್ಟು ಸಲ ನೋಡಿದರೂ ನನಗೆ ತಿಳಿಯುವುದಿಲ್ಲ. ವಿಡಿಯೋ ತೆಗೆದವರು ತುಂಬ ಹಿಂದೆ ಕೂತಿದ್ದರು.