ಗೋಡೆಗೆ ಮುಖ ಮಾಡಿದವರು

ಹಿಮಾಯತ್‌ನಗರದ ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದವರು ರಾಯಚೂರು ಕಡೆಯವರು. ಅವರ ಅಂಗಿಯ ಜೇಬಿನಲ್ಲಿ ಕನ್ನಡ ಫಾಂಟಿನ ಫ್ಲಾಪಿ ಸದಾ ಇರುತ್ತಿತ್ತು. ಪರದೆಯ ಮೇಲೆ ಕನ್ನಡದ ಬದಲು ವಿಚಿತ್ರ ಗುರುತುಗಳು ಮೂಡಿದರೆ, "ಅಕ್ಷರ ಎಲ್ಲೂ ಹೋಗಿಲ್ರಿ, ಒಳಗ ಅದಾವ" ಎನ್ನುತ್ತಿದ್ದರು.

ಅವ್ವನ ಆಪರೇಷನ್ ಆದ ಮರುದಿನ ತಮ್ಮ ಕಲಬುರಗಿಯಿಂದ ಮೇಲ್‌ನಲ್ಲಿ ಕಳಿಸಿದ ಪತ್ರವೂ ಹಾಗೇ ಬಂತು. ಕೆಟ್ಟುಹೋಗಿದೆಯೆಂದು ಅಳಿಸಲು ಹೊರಟಿದ್ದೆ. "ತಡೀರಿ" ಎಂದವರೇ ಫ್ಲಾಪಿ ಹಾಕಿದರು. ಮೊದಲ ಸಾಲು ಕನ್ನಡವಾದದ್ದೇ ತಡ, ಎಂದಿನಂತೆ ಗೋಡೆಯತ್ತ ತಿರುಗಿ ನಿಂತರು. ಬೇರೆಯವರ ಪತ್ರ ಅವರು ಓದುತ್ತಿರಲಿಲ್ಲ.

ಓದಿ ಮುಗಿದರೂ ನಾನು ಪರದೆಯನ್ನೇ ನೋಡುತ್ತ ಕೂತಿದ್ದೆ. ಗಿರಾಕಿಗಳು ಕರೆದರೂ ಅವರು ಅಲುಗಲಿಲ್ಲ.

"ಅವ್ವ ಆರಾಮ ಅದಾಳ್ರಿ" ಎಂದೆ.

ಆಗಷ್ಟೇ ನನ್ನ ಕಡೆ ನೋಡಿದರು. "ಇನ್ನೊಮ್ಮೆ ಓದ್ಕೋರಿ" ಎಂದು ಮತ್ತೆ ಗೋಡೆಗೆ ಮುಖ ಮಾಡಿದರು.