ಹದಿಮೂರೂವರೆ ಪಾದ

ಮೊನ್ನೆ ಸಂಜೆ ಮೂರನೆಯ ತರಗತಿಯ ನನ್ನ ಮೊಮ್ಮಗಳು ಚೀಲದಿಂದ ಒಂದು ನುಣುಪಾದ ಕಾರ್ಡು ತೆಗೆದು ನನ್ನ ಚಹಾ ಲೋಟದ ಪಕ್ಕ ಇಟ್ಟಳು. ಮಗಳೂ ಅಳಿಯನೂ ಮಣಿಪಾಲದಲ್ಲಿ ಕತ್ತಲಾಗುವವರೆಗೆ ದುಡಿಯುವವರಾದ್ದರಿಂದ, ಶಾಲೆಯಿಂದ ಬರುವ ಕಾಗದಗಳಿಗೆ ಸಹಿ ಹಾಕುವ ಅಧಿಕಾರ ನನಗೆ ಬಂದಿದೆ. ನಿವೃತ್ತನಾದ ಮೇಲೆ ನನಗೆ ಸಿಕ್ಕಿದ ಬಡ್ತಿ ಇದೊಂದೇ. ಕಾರ್ಡಿನ ಮೇಲೆ ಓಡುವ ಮೊಲದ ಚಿತ್ರ, ಕೆಳಗೆ ಫಿಟ್‌ನೆಸ್ ಕಾರ್ಡ್ ಎಂಬ ಹೆಸರು, ಅದರ ಕೆಳಗೆ ಸಾಲುಸಾಲು ಅಂಕಿಗಳು. ನಿಂತಲ್ಲಿಂದ ಉದ್ದ ಜಿಗಿತ ಎಂಬಲ್ಲಿ ಒಂದು ಮೀಟರ್ ಮೂವತ್ತೇಳು ಸೆಂಟಿಮೀಟರ್ ಎಂದಿತ್ತು.

ಆ ಮೂವತ್ತೇಳನ್ನು ನೋಡಿ ನನಗೆ ನಗು ಬಂತು. ನಿಮಗೆ ಇದರಲ್ಲಿ ನಗುವಂಥದ್ದು ಕಾಣಲಿಕ್ಕಿಲ್ಲ. ಸುಳ್ಳು ಅಂಕಿ ಬರೆಯುವುದಕ್ಕೂ ಕೈ ಪಳಗಬೇಕು. ಹೊಸಬರು ಮೂವತ್ತೈದು, ನಲವತ್ತು ಎಂದು ಬರೆದು ಸಿಕ್ಕಿಬೀಳುತ್ತಾರೆ. ಪಳಗಿದವರು ಮೂರು, ಏಳುಗಳನ್ನು ಹಾಕುತ್ತಾರೆ, ಆಗ ಟೇಪು ಹಿಡಿದು ಅಳೆದ ಹಾಗೆ ಕಾಣುತ್ತದೆ. ಈ ವಿದ್ಯೆಯಲ್ಲಿ ನಾನು ಪಂಡಿತ. ಹಾರಿದ್ದು ಯಾವಾಗ ಎಂದು ಮೊಮ್ಮಗಳನ್ನು ಕೇಳಿದೆ. ಹಾರಲೇ ಇಲ್ಲವಂತೆ, ಆ ವಾರ ಮೈದಾನದಲ್ಲಿ ವಾರ್ಷಿಕೋತ್ಸವದ ಪೆಂಡಾಲು ಹಾಕಿದ್ದರಂತೆ. ಸಹಿ ಹಾಕಲು ತೆಗೆದ ಪೆನ್ನು ಕೈಯಲ್ಲೇ ಉಳಿಯಿತು.

ಎರಡು ಸಾವಿರದ ಇಸವಿಯ ಆಸುಪಾಸಿನ ವರ್ಷಗಳಲ್ಲಿ ನಾನು ಕಾಪು ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಶಾಲೆಗೆ ಪಿ.ಟಿ. ಮಾಷ್ಟ್ರು ಇರಲಿಲ್ಲ. ಆ ಹುದ್ದೆಯನ್ನು ಯಾರಿಗಾದರೂ ಅಂಟಿಸಬೇಕೆಂದು ಸಭೆ ಕರೆದ ದಿನ ನಾನು ಹಲ್ಲುನೋವೆಂದು ರಜೆ ಹಾಕಿದ್ದೆ. ಮರುದಿನ ಹೋದಾಗ ನನ್ನ ಮೇಜಿನ ಮೇಲೆ ಒಂದು ಸೀಟಿ ಇತ್ತು. ಬಸ್ಸು ಹಿಡಿಯಲಿಕ್ಕೂ ಓಡದ, ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆಂದು ನಿಲ್ಲುವ ಮನುಷ್ಯನ ಕೈಗೆ ಇನ್ನೂರು ಮಕ್ಕಳ ಆರೋಗ್ಯ ಬಂದು ಬಿದ್ದದ್ದು ಹೀಗೆ.

ನನ್ನ ವ್ಯಾಯಾಮ ಶಿಕ್ಷಣ ಸರಳವಾಗಿತ್ತು. ಮಕ್ಕಳನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸಿ ನಾನು ಗೋಳಿಮರದ ನೆರಳಿನಿಂದ ಸಾವಧಾನ್, ವಿಶ್ರಾಮ್ ಎಂದು ಕೂಗುತ್ತಿದ್ದೆ. ಆಮೇಲೆ ಅಂಗಳದ ತರಗೆಲೆ ಹೆಕ್ಕಿಸುತ್ತಿದ್ದೆ. ಬಗ್ಗುವುದು, ಏಳುವುದು ಎಲ್ಲ ಅದರಲ್ಲಿಯೇ ಆಗುತ್ತದೆ ಎಂಬುದು ನನ್ನ ಸಿದ್ಧಾಂತ. ಶಾಲೆಗೆ ಒಂದು ವಾಲಿಬಾಲೂ ಬಂದಿತ್ತು. ಹಾಳಾದರೆ ಯಾರು ಉತ್ತರ ಕೊಡುವುದೆಂದು ಹೆಡ್ಮಾಷ್ಟ್ರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಒಮ್ಮೆಯೂ ನೆಲ ಮುಟ್ಟದೆ ಅದು ಅಲ್ಲಿಯೇ ಗಾಳಿ ಹೋಗಿ ಮುದಿಯಾಯಿತು.

ಒಂದು ವರ್ಷ ಮೇಲಿನ ಕಚೇರಿಯಿಂದ ನಮೂನೆ ಬಂತು. ಪ್ರತಿ ಮಗುವಿನ ಓಟ, ಜಿಗಿತ, ಚೆಂಡೆಸೆತ ಅಳೆದು ತುಂಬಬೇಕು, ಪಟ್ಟಿಯನ್ನು ಉಡುಪಿಗೆ ಕಳಿಸಬೇಕು, ಮಗುವಿಗೊಂದು ಕಾರ್ಡನ್ನೂ ಬರೆದಿಡಬೇಕು. ಇನ್ನೂರು ಮಕ್ಕಳನ್ನು ಹಾರಿಸಿ ಅಳೆಯುವುದೆಂದರೆ ನೆರಳು ಬಿಟ್ಟು ಏಳಬೇಕಲ್ಲ. ನಾನು ಪಟ್ಟಿಯನ್ನು ಮನೆಗೆ ಒಯ್ದು, ಗಣಿತದ ಅಂಕಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಭಾನುವಾರದಲ್ಲಿ ಮುಗಿಸಿದೆ. ಲೆಕ್ಕದಲ್ಲಿ ಮುಂದಿದ್ದವರು ಹೆಚ್ಚು ದೂರ ಹಾರಿದರು, ಹಿಂದಿದ್ದವರು ಕಾಲ ಬುಡದಲ್ಲೇ ಬಿದ್ದರು. ಬುದ್ಧಿ ಇದ್ದ ಮಕ್ಕಳಿಗೆ ಕಾಲೂ ಇರುತ್ತದೆಂದು ನನಗೆ ನಾನೇ ಹೇಳಿಕೊಂಡೆ. ದಿನವೂ ವ್ಯಾಯಾಮ ಮಾಡುತ್ತದೆಯೇ ಎಂಬ ಕಡೆಯ ಪ್ರಶ್ನೆಗೆ ಎಲ್ಲರಿಗೂ ಇಲ್ಲ ಎಂದು ಬರೆದೆ. ಮೂರು ಮೈಲಿ ನಡೆದು ಬರುವ, ಬಾವಿಯಿಂದ ನೀರು ಸೇದಿ ಬರುವ, ಬೆಳಿಗ್ಗೆ ಕಡಲ ದಂಡೆಯಲ್ಲಿ ಅಪ್ಪಂದಿರ ಜೊತೆ ಬಲೆ ಎಳೆದು ಕೈತುಂಬ ಮೀನಿನ ವಾಸನೆ ಹೊತ್ತು ಬರುವ ಮಕ್ಕಳ ಬಗ್ಗೆ, ಬಸ್ಸಿನಲ್ಲಿ ಬರುವ ನಾನು ಹಾಗೆ ಬರೆದೆ.

ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ವರ್ಷ ಮಳೆ ಬಿಡಲೇ ಇಲ್ಲ. ವಲಯದ ಆಟೋಟ ರದ್ದಾಗಿ, ಪಟ್ಟಿ ನೋಡಿಯೇ ತಾಲೂಕು ಕೂಟಕ್ಕೆ ಮಕ್ಕಳನ್ನು ಆರಿಸಿದರು. ನಮ್ಮ ಶಾಲೆಯಿಂದ ಉದ್ದ ಜಿಗಿತಕ್ಕೆ ಪ್ರಮೀಳಾ ಎಂದು ಕಾಗದ ಬಂತು.

ಪ್ರಮೀಳಾ ಮೀನು ಮಾರುವ ಹೆಂಗಸಿನ ಮಗಳು, ಐದನೆಯ ತರಗತಿ. ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು. ಗುಂಡುಗುಂಡಾಗಿದ್ದ ಆ ಹುಡುಗಿ ಮೆಟ್ಟಿಲನ್ನು ಸಹ ಒಂದೊಂದಾಗಿ ಯೋಚಿಸಿ ಇಳಿಯುವವಳು. ಸುದ್ದಿ ಕೇಳಿ ಅವಳು ನೇರ ನನ್ನ ಮೇಜಿಗೆ ಬಂದಳು.

"ಸರ್, ನಾನು ಯಾವಾಗ ಹಾರಿದ್ದು?"

ಮೂವತ್ತು ವರ್ಷಗಳ ನೌಕರಿಯಲ್ಲಿ ಇಷ್ಟು ಚೆನ್ನಾದ ಪ್ರಶ್ನೆಯನ್ನು ನನಗೆ ಯಾವ ಇನ್‌ಸ್ಪೆಕ್ಟರೂ ಕೇಳಲಿಲ್ಲ. ನಾನು ಕೆಮ್ಮಿದೆ. ಅವಳಿಗೆ ಉತ್ತರ ಬೇಕಿರಲಿಲ್ಲ, ಪರಿಹಾರವನ್ನೇ ತಂದಿದ್ದಳು. ದುರ್ಗವ್ವನನ್ನು ಕಳಿಸಿ ಸರ್, ಅವಳು ಹಾರುವುದನ್ನು ನಾವೆಲ್ಲ ನೋಡಿದ್ದೇವೆ ಎಂದಳು.

ದುರ್ಗವ್ವನ ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಶಾಲೆಯ ಹಿಂದೆ ಏಳುತ್ತಿದ್ದ ಮೂರು ಮಾಳಿಗೆಯ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ. ಕೆಲಸಕ್ಕೆಂದು ಹಾಕಿದ್ದ ಹೊಯಿಗೆಯ, ಅಂದರೆ ಮರಳಿನ, ರಾಶಿಯ ಮೇಲೆ ಅವಳು ಹಲಗೆಯಿಂದ ಓಡಿ ಬಂದು ಹಾರುತ್ತಿದ್ದಳು, ಕಂಟ್ರಾಕ್ಟರು ಬೈದಷ್ಟೂ ಹಾರುತ್ತಿದ್ದಳು. ನಾನೂ ಕಿಟಕಿಯಿಂದ ನೋಡಿದ್ದೆ. ಆದರೆ ಗಣಿತದಲ್ಲಿ ಅವಳಿಗೆ ಹನ್ನೊಂದು ಅಂಕ, ಆದ್ದರಿಂದ ನನ್ನ ಪಟ್ಟಿಯಲ್ಲಿ ಇಡೀ ತರಗತಿಗೆ ಕಡಿಮೆ ಹಾರಿದವಳು ಅವಳೇ.

ಹೆಸರು ಬದಲಿಸಬೇಕಾದರೆ ಹೆಡ್ಮಾಷ್ಟ್ರಿಗೆ ನಿಜ ಹೇಳಬೇಕಿತ್ತು. ಅಷ್ಟು ಧೈರ್ಯ ನನಗಿರಲಿಲ್ಲ. ಧೈರ್ಯ ಇಲ್ಲದವನಿಗೆ ನೀತಿ ನೆನಪಾಗುತ್ತದೆ ನೋಡಿ, ನನಗೂ ನೆನಪಾಯಿತು. ಒಮ್ಮೆ ಬರೆದು ಕಳಿಸಿದ್ದನ್ನು ತಿದ್ದಿದರೆ ಸುಳ್ಳು ಹೇಳಿದಂತೆ ಆಗ್ತದೆ ಮಗೂ ಎಂದು ಇನ್ನೂರು ಮಕ್ಕಳ ಮೇಲೆ ಆರುನೂರು ಸುಳ್ಳು ಬರೆದ ನಾನು ಬುದ್ಧಿ ಹೇಳಿದೆ. ಪ್ರಮೀಳಾ ಹಟ ಬಿಡಲಿಲ್ಲ. ಹಾಗಾದರೆ ದುರ್ಗವ್ವ ಜೊತೆಗೆ ಬರಬೇಕು, ಇಲ್ಲದಿದ್ದರೆ ತಾನೂ ಹೋಗುವುದಿಲ್ಲ ಎಂದಳು. ನೀರಿನ ಬಾಟ್ಲಿ ಹಿಡಿಯಲು ಒಬ್ಬಳು ಇರಲಿ ಎಂದು ಒಪ್ಪಿದೆ.

ಕೂಟದ ದಿನ ಉಡುಪಿಯ ಮೈದಾನದಲ್ಲಿ ಪ್ರಮೀಳಾ ಮೂರು ಸಲ ಓಡಿ ಬಂದು, ಮೂರು ಸಲವೂ ಗೆರೆಯ ಹತ್ತಿರ ನಿಂತು, ನಿಧಾನಕ್ಕೆ ಹೊಯಿಗೆಗೆ ಇಳಿದಳು. ಜನ ನಕ್ಕರು. ಅವಳು ಅಳಲಿಲ್ಲ, ಬಂದು ನನ್ನ ಪಕ್ಕ ಕುಳಿತು ಚಕ್ಕುಲಿ ತಿಂದಳು. ಸ್ಪರ್ಧೆ ಮುಗಿದು ಅಳೆಯುವವರು ಟೇಪಿನೊಂದಿಗೆ ಊಟಕ್ಕೆ ಹೋದರು. ಗೆದ್ದವಳು ಬಿದ್ದ ಜಾಗದಲ್ಲಿ ನೆಟ್ಟ ಸಣ್ಣ ಕೆಂಪು ಬಾವುಟ ಮಾತ್ರ ಉಳಿದಿತ್ತು.

ದುರ್ಗವ್ವ ನೀರಿನ ಬಾಟ್ಲಿಯನ್ನು ನನ್ನ ಕೈಗೆ ಕೊಟ್ಟಳು. ಲಂಗ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ ಓಡಿ ಬಂದು ಹಾರಿದಳು. ಬಾವುಟ ಅವಳ ಹಿಂದೆ ಉಳಿಯಿತು, ಒಂದು ಮೊಳಕ್ಕೂ ಹೆಚ್ಚು ಹಿಂದೆ. ಎದ್ದು ಹೊಯಿಗೆ ಕೊಡವಿಕೊಳ್ಳುತ್ತಾ, "ಬರಕೋರಿ ಸರ್" ಎಂದಳು.

ಟೇಪು ಇಲ್ಲವೆಂದೆ.

"ಟೇಪ್ ಇಲ್ಲಂದ್ರ ಕಾಲಿಲೆ ಅಳೀರಿ."

ಅಳೆದೆ. ಗೆರೆಯಿಂದ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನಡೆದು, ಹದಿಮೂರೂವರೆ ಪಾದ. ನನ್ನ ಪಿ.ಟಿ. ಜೀವನದಲ್ಲಿ ನಾನು ನಿಜವಾಗಿ ಅಳೆದ ಒಂದೇ ಒಂದು ಜಿಗಿತ ಅದು. ಕಿಸೆಯಲ್ಲಿ ಪೆನ್ನಿತ್ತು, ಕಾಗದವೂ ಇತ್ತು. ಶಾಲೆಗೆ ಹೋಗಿ ಬರೆಯುವ ಎಂದೆ. ಮರುದಿನ ಅವಳು ಬರೆದಿರಾ ಎಂದು ಕೇಳಿದಳು, ಅದರ ಮರುದಿನವೂ ಕೇಳಿದಳು, ಆಮೇಲೆ ಕೇಳಲಿಲ್ಲ.

ಮಾರ್ಚಿನ ಹೊತ್ತಿಗೆ ಕಟ್ಟಡ ಮುಗಿಯಿತು. ದುರ್ಗವ್ವನ ಮನೆಯವರು ಕೆಲಸ ಹುಡುಕಿ ಕಾರ್ಕಳದ ಕಡೆಗೆ ಹೊರಟರು. ವರ್ಗಾವಣೆ ಪತ್ರದ ಜೊತೆ ಮಗುವಿನ ಕಾರ್ಡನ್ನೂ ಕೊಡಬೇಕೆಂದು ನಿಯಮ. ನಿಯಮ ಪಾಲಿಸುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಅವಳ ಅಮ್ಮನಿಗೆ ಓದು ಬರುತ್ತಿರಲಿಲ್ಲ, ಕಾರ್ಡನ್ನು ಮಗಳ ಕೈಗೆ ಕೊಟ್ಟಳು. ದುರ್ಗವ್ವ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. ಜಿಗಿತ: ಒಂದು ಮೀಟರ್ ಹದಿಮೂರು. ದೈಹಿಕ ಸಾಮರ್ಥ್ಯ: ಕಡಿಮೆ.

"ಇದು ನಂದಲ್ರಿ ಸರ್" ಎಂದು ಕಾರ್ಡನ್ನು ನನ್ನ ಮೇಜಿನ ಮೇಲೆ ವಾಪಸ್ಸು ಇಟ್ಟಳು.

ಹೊಸ ಶಾಲೆಯಲ್ಲಿ ಕೇಳುತ್ತಾರೆ, ತೆಗೆದುಕೊಂಡು ಹೋಗು ಎಂದೆ. ಹೆಡ್ಮಾಷ್ಟ್ರು ಅಲ್ಲಿಯೇ ಕುಳಿತಿದ್ದರು. ಅವಳ ಅಮ್ಮ ನನಗೆ ಕೈಮುಗಿದು, ಅದನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಹೀಗೆ ಆ ಹುಡುಗಿ ನನ್ನ ಅಕ್ಷರವನ್ನು ಹೊತ್ತುಕೊಂಡು ಹೋದಳು. ನನಗೆ ನಾಚಿಕೆಯಾಗಿತ್ತು. ಆದರೂ ಮಧ್ಯಾಹ್ನ ಎಂದಿನಂತೆ ಊಟ ಮಾಡಿದೆ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಮೊನ್ನೆಯ ಚಹಾ ಆರಿಹೋಗಿತ್ತು. ಮಗಳ ಹೊಲಿಗೆ ಡಬ್ಬಿಯಿಂದ ಟೇಪು, ಮೊಮ್ಮಗಳ ಚೀಲದಿಂದ ಸೀಮೆಸುಣ್ಣ ತೆಗೆದುಕೊಂಡು, ಅವಳನ್ನು ಕರೆದು ಫ್ಲ್ಯಾಟಿನ ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ಇಳಿದೆ. ಗೆರೆ ಎಳೆದೆ, ಅವಳು ಹಾರಿದಳು. ನಾನು ಮಂಡಿ ಹಿಡಿದುಕೊಂಡು ಬಗ್ಗಿ ಅಳೆದೆ. ಒಂದು ಮೀಟರ್ ನಾಲ್ಕು ಸೆಂಟಿಮೀಟರ್. ಕಾರ್ಡಿನ ಮೂವತ್ತೇಳನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದು ಸಹಿ ಹಾಕಿದೆ.

"ಕಡಿಮೆ ಆಯ್ತಲ್ಲ ಅಜ್ಜ" ಎಂದಳು.

"ಕಡಿಮೆಯಾದರೂ ಇದು ನಿನ್ನದು."

ಆಮೇಲೆ ಅದೇ ಗೆರೆಯಿಂದ ಹಿಮ್ಮಡಿಗೆ ಬೆರಳು ತಾಗಿಸುತ್ತಾ ನಡೆಯತೊಡಗಿದೆ. ಈ ಇಪ್ಪತ್ತು ವರ್ಷಗಳಲ್ಲಿ ನನ್ನ ಹೊಟ್ಟೆ ಬೆಳೆದಿದೆ, ಪಾದ ಬೆಳೆದಿಲ್ಲ, ಅಳತೆ ಸರಿಯಾಗಿಯೇ ಇರಬೇಕು. ಹದಿಮೂರೂವರೆಗೆ ಯಾರದೋ ಕಾರಿನ ಚಕ್ರದ ಹತ್ತಿರ ತಲುಪಿ ಇನ್ನೊಂದು ಗೆರೆ ಎಳೆದೆ. ಮೊಮ್ಮಗಳು ಆ ಗೆರೆಯನ್ನೂ ಈ ಗೆರೆಯನ್ನೂ ನೋಡಿ, ಅಷ್ಟು ದೂರ ಯಾರು ಹಾರುತ್ತಾರೆ ಎಂದು ಕೇಳಿದಳು.

ದುರ್ಗವ್ವ ಎಂದೆ. ಸೀಮೆಸುಣ್ಣವನ್ನು ಮೊಮ್ಮಗಳ ಕೈಗೆ ಕೊಟ್ಟು, ಬರಕೋ ಎಂದೆ.