ಸಿಂಬಿಯೊಳಗೆ ಹೊಲಿದದ್ದು

ಕಾಪುವಿನಲ್ಲಿ ಮನೆಮನೆಗೆ ಮೀನು ಹೊತ್ತು ಮಾರುವ ಶರ್ಮಿಳಾ ಯಾರ ಗೇಟಿನಲ್ಲಿ ಎಷ್ಟು ಹೊತ್ತು ನಿಂತಳೆಂಬುದು ಗಂಡ ಜಿತೇಂದ್ರನಿಗೆ ಹೇಗೋ ತಿಳಿಯುತ್ತಿತ್ತು. ನಾಡದೋಣಿಯಲ್ಲಿ ದುಡಿಯುವವನು, ಬೆಳಿಗ್ಗೆಯೇ ದಡ ಸೇರುತ್ತಿದ್ದ. "ಮೇಷ್ಟ್ರ ಮನೆಯಲ್ಲಿ ಇಪ್ಪತ್ತು ನಿಮಿಷ ಎಂತ ಕೆಲಸ?" ಎಂದು ಕೇಳಿಯೇ ಹೊಡೆಯುತ್ತಿದ್ದ. ಪ್ರೀತಿ ಹೆಚ್ಚಾದರೆ ಹಾಗೆಯೇ ಎಂದರು ನೆರೆಕರೆಯವರು. ಅಂಥ ಪ್ರೀತಿಗೆ ಬೆಂಕಿ ಬೀಳಲಿ.

ಒಂದು ದಿನ ಅವಳು ಬುಟ್ಟಿಯನ್ನೂ ತಲೆಗಿಡುವ ಬಟ್ಟೆಯ ಸಿಂಬಿಯನ್ನೂ ಜೊತೆಗಾತಿ ಕಮಲಕ್ಕನ ಮನೆಯಲ್ಲಿಟ್ಟು ಕಾರ್ಕಳಕ್ಕೆ ತಂಗಿಯನ್ನು ನೋಡಲು ಹೋದಳು. ಸಂಜೆ ಪೆಟ್ಟು ಬಿತ್ತು. "ದಿನವಿಡೀ ಕಮಲನ ಮನೆಯಲ್ಲಿ ಎಂತ ಪಟ್ಟಾಂಗ?"

ಫೋನು ಅವಳೊಡನೆ ಕಾರ್ಕಳಕ್ಕೆ ಹೋಗಿತ್ತಲ್ಲ! ಕಮಲಕ್ಕನ ಮನೆಯಲ್ಲಿ ಉಳಿದದ್ದು ಬುಟ್ಟಿ ಮತ್ತು ಸಿಂಬಿ ಮಾತ್ರ. ಮರುದಿನ ಸಿಂಬಿಯನ್ನು ಬಿಚ್ಚಿದಳು. ಒಳಗೆ ಅಂಗಿಯ ಗುಂಡಿಗಿಂತ ತುಸು ದೊಡ್ಡ, ಇರುವ ಜಾಗವನ್ನು ಫೋನಿಗೆ ತಿಳಿಸುವ ಯಂತ್ರ. ಅದನ್ನು ಬಲೆಯ ನೂಲಿನಿಂದ, ಹರಿದ ಬಲೆಗೆ ಹಾಕುವ ಗಂಟಿನಿಂದಲೇ ಬಿಗಿದಿದ್ದ. ಆ ಗಂಟನ್ನು ಅವಳು ಹತ್ತು ವರ್ಷದಿಂದ ಗಂಡನ ಕೈಯಲ್ಲಿ ನೋಡುತ್ತ ಬಂದಿದ್ದಳು.

ಫೋಟೋ ತೆಗೆದು ಹಾಗೆಯೇ ಹೊಲಿದಳು. ಸೋಮವಾರ, ಅವನಿಗೆ ಅನುಮಾನ ಬಾರದಂತೆ, ಆ ಸಿಂಬಿಯನ್ನು ತಲೆಗಿಟ್ಟು ಕಮಲಕ್ಕ ಅವಳ ಬೀದಿಗಳಲ್ಲಿ ನಡೆದಳು. ಶರ್ಮಿಳಾ ಮಣಿಪಾಲದ ಕಚೇರಿಯಲ್ಲಿ, ಮನೆಯೊಳಗಿನ ಹಿಂಸೆಯ ದೂರು ಕೇಳುವ ರಕ್ಷಣಾಧಿಕಾರಿ ಹರಿಪ್ರಿಯಾ ಅವರ ಎದುರು ಕೂತಳು.

"ಹೊಡೆತಕ್ಕೆ ಕಾನೂನಿನಲ್ಲಿ ಜಾಗ ಉಂಟು. ಈ ಯಂತ್ರದ ಹೆಸರು ಅದರಲ್ಲಿ ಇಲ್ಲ," ಎಂದರು ಹರಿಪ್ರಿಯಾ. "ಇಟ್ಟದ್ದು ಅವನೇ ಎನ್ನಲು ಸಾಕ್ಷಿ ಬೇಕಲ್ವಾ?"

ಬಲೆಯ ಗಂಟು ಯಾವ ಕಾಯಿದೆಗೆ ಅರ್ಥವಾದೀತು? ಕಥೆ ಹೇಳುವ ನನಗೆ ಉರಿಯುವುದೇ ಇಲ್ಲಿ.

ಆಗ ಜಿತೇಂದ್ರನ ಫೋನು ಬಂತು. ಹರಿಪ್ರಿಯಾ ಸ್ಪೀಕರ್ ಒತ್ತಿದರು.

"ಮೇಷ್ಟ್ರ ಗೇಟಿನಲ್ಲಿ ಕಾಲು ಗಂಟೆಯಿಂದ ನಿಂತಿದ್ದೀ. ಅಲ್ಲೇ ಇರು. ಇವತ್ತು ನಿನ್ನ ಕಾಲು ಮುರಿಯುತ್ತೇನೆ."

ಹರಿಪ್ರಿಯಾ ಕೂಡಲೇ ಕಾಪು ಠಾಣೆಗೆ ಫೋನ್ ಮಾಡಿದರು. ಶರ್ಮಿಳಾ ಕಮಲಕ್ಕನ ನಂಬರು ಒತ್ತಿದಳು. ತನ್ನ ಪೆಟ್ಟು ಕಮಲಕ್ಕನಿಗೆ ಬಿದ್ದರೆ? "ಪೊಲೀಸರು ಬರುತ್ತಿದ್ದಾರೆ, ಸಿಂಬಿಯನ್ನು ಬಾವಿಗೆ ಬಿಸಾಡಿ ಒಳಗೆ ಹೋಗಿ ಅಕ್ಕಾ," ಎಂದಳು ಫೋನಿನಲ್ಲಿ.

"ಬಿಸಾಡಿದರೆ ಅವನು ಬರುವುದಿಲ್ಲ ಮಾರಾಯ್ತಿ, ಪೊಲೀಸರಿಗೆ ಸಿಕ್ಕುವುದೂ ಇಲ್ಲ. ನಾನು ಇಲ್ಲೇ ಕೂರುತ್ತೇನೆ. ಫೋನ್ ಇಡಬೇಡ."

ಐದು ನಿಮಿಷ ಫೋನಿನಲ್ಲಿ ಬರೀ ಕಾಗೆಗಳ ಸದ್ದು. ಆಮೇಲೆ ಒಂದು ಜೀಪು ನಿಂತಿತು. ಅದರ ಹಿಂದೆಯೇ ಬೈಕು.

"ಅವಳೆಲ್ಲಿ?" ಜಿತೇಂದ್ರನ ಸ್ವರ.

"ಅವಳು ಇಲ್ಲಿ ಇಲ್ಲವಲ್ಲ," ಎಂದಳು ಯಾರೋ ಮಹಿಳಾ ಪೊಲೀಸ್.

"ಸುಳ್ಳು ಹೇಳಬೇಡಿ ಮೇಡಂ. ಇಲ್ಲೇ ಇದ್ದಾಳೆ. ನೋಡಿ, ನನ್ನ ಫೋನಿನಲ್ಲಿ ತೋರಿಸುತ್ತದೆ."